ಸೌನಾದ ಕತ್ತಲಲ್ಲಿ ಒಡೆಟ್‌ಳ ಮುಖ

ಬೆಳಗಿನ ಜಾವ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಹಿತ್ತಿಲಿನ ಸೌನಾ ಕೋಣೆಯ ಬಾಗಿಲಿಗೆ ಒಳಗಿನಿಂದ ಕಂಬಳಿ ಇಳಿಬಿಟ್ಟು, ಹಿಲ್ಯಾ ರಾಂಟಾಲ ಕೆಂಪು ಬಲ್ಬು ಹಾಕುತ್ತಾರೆ. ಶನಿವಾರ ಶನಿವಾರ ಮನೆಮಂದಿ ಬೆವರು ಬಿಡುತ್ತ ಕೂರುವ ಮರದ ಹಲಗೆಗಳ ಮೇಲೆ ಈಗ ಫೋಟೋ ತೊಳೆಯುವ ದ್ರಾವಣದ ಮೂರು ತಟ್ಟೆಗಳು ಸಾಲಾಗಿ ಕೂತಿವೆ. ಕಾಗದವನ್ನು ಮೊದಲ ತಟ್ಟೆಗೆ ಜಾರಿಸಿ, ಅಂಚು ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಾರೆ. ಬಾಯಲ್ಲಿ ಎಣಿಕೆ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಹಿಮ ಹೊದ್ದ ಒಂದು ದೋಣಿ ಮೂಡುತ್ತದೆ. "ಬಂದ್ಯಾ, ಬಾ," ಎಂದು ದೋಣಿಗೇ ಹೇಳಿ ಮುಂದಿನ ತಟ್ಟೆಗೆ ದಾಟಿಸುತ್ತಾರೆ.

ಏಳಕ್ಕೆ ಅವರು ಕೆಲಸದಲ್ಲಿರಬೇಕು. ಸರೋವರದ ದಡದ ಥಂಡರ್ ಬೇ ಊರಿನ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಿಲ್ಯಾ ಹಾಸಿಗೆ ಬಟ್ಟೆ ಮಡಿಸಲು ನಿಂತು ಮೂವತ್ತೊಂದು ವರ್ಷ. ದಿನಕ್ಕೆ ಆರುನೂರು ಮಡಿಕೆಯಾದರೂ ಆಗುತ್ತದೆ. ಅಲ್ಲಿ ಜೊತೆಗೆ ನಿಲ್ಲುವವರಿಗೆ, ಈ ಹೆಂಗಸಿನ ಒಂದು ಪಟ್ಟಿಯನ್ನು ನಂಬಿಕೊಂಡು ಅಲಾಸ್ಕಾದಿಂದ ಫ್ಲೋರಿಡಾವರೆಗೆ ಮೂವತ್ತನಾಲ್ಕು ಮಂದಿ ಕತ್ತಲಕೋಣೆಯಲ್ಲಿ ಕೂತಿದ್ದಾರೆಂಬುದು ಗೊತ್ತೇ ಇಲ್ಲ.

ವರ್ಷಕ್ಕೆರಡು ಸುತ್ತು. ಹಿಲ್ಯಾ ಹೆಸರು ಬರೆದುಕೊಂಡು, ವಿಳಾಸ ಸರಿನೋಡಿ, ಪಟ್ಟಿಯನ್ನು ಎಲ್ಲರಿಗೂ ಕಳಿಸುತ್ತಾರೆ. ಒಬ್ಬೊಬ್ಬರೂ ತಾವೇ ಫಿಲ್ಮಿನಲ್ಲಿ ತೆಗೆದ ಚಿತ್ರವನ್ನು, ತಮ್ಮ ಕೈಯಾರೆ, ಪಟ್ಟಿಯಲ್ಲಿದ್ದಷ್ಟು ಸಲ ಅಚ್ಚು ಹಾಕಿ, ಬೆನ್ನಿಗೆ ನಾಲ್ಕು ಸಾಲು ಬರೆದು ಅಂಚೆಗೆ ಹಾಕಬೇಕು. ಲಕೋಟೆ ಕೂಡದು. ಅಂಚೆಯ ಮುದ್ರೆ, ದಾರಿಯ ಗೀರು, ಮಳೆಹನಿ ಎಲ್ಲ ಬಿದ್ದು ಬಂದರೇನೇ ಅದು ಕಾರ್ಡು. ಫೋನಿನಲ್ಲಿ ಅರೆಕ್ಷಣದಲ್ಲಿ ಕಳಿಸಬಹುದಲ್ಲ ಎಂದು ಕೇಳುವವರಿಗೆ ಹಿಲ್ಯಾ ಜಗಳವಾಡುವುದಿಲ್ಲ. "ಕಳಿಸ್ಬಹುದಪ್ಪಾ. ಆದ್ರೆ ಕಾಯೋಕಾಗಲ್ವಲ್ಲ," ಅನ್ನುತ್ತಾರೆ, ಅಷ್ಟೇ.

ಫಜೀತಿಗೂ ಕಡಿಮೆಯಿಲ್ಲ. ಒಮ್ಮೆ ಗಂಡ ಒನ್ನಿ ಗುರುವಾರವೇ ನೆಂಟರಿಗೆಂದು ಸೌನಾದ ಒಲೆ ಹೊತ್ತಿಸಿಬಿಟ್ಟಿದ್ದರು. ಹಲಗೆಯಡಿ ಇಟ್ಟಿದ್ದ ಕಾಗದದ ಪೆಟ್ಟಿಗೆ ಕಾದು, ಅಚ್ಚು ಹಾಕಿದ್ದೆಲ್ಲ ಬೂದಿಬಣ್ಣಕ್ಕೆ ತಿರುಗಿತು. ಬೇರೆ ಕಾಗದಕ್ಕೆ ಸಮಯವಿಲ್ಲದೆ ಅದನ್ನೇ ಕಳಿಸಿದರೆ, ಸರೋವರದ ಮಂಜನ್ನು ಎಷ್ಟು ಚೆನ್ನಾಗಿ ಹಿಡಿದಿದ್ದೀರಿ ಎಂದು ಹನ್ನೊಂದು ಜನ ಹೊಗಳಿ ಬರೆದರು. ಒನ್ನಿ ಇಂದಿಗೂ ಆ ಹೊಗಳಿಕೆಯಲ್ಲಿ ಪಾಲು ಕೇಳುತ್ತಾರೆ.

ನಿಜ ಕಂಡವರು ಒಬ್ಬರೇ, ಒಡೆಟ್ ಶ್ಯಾಸೊಂ. ನೋವಾ ಸ್ಕೋಶಿಯಾದ ಕಡಲಂಚಿನ ಶೆಟಿಕ್ಯಾಂಪ್‌ನಲ್ಲಿ ಮೀನು ಹೆಚ್ಚುವ ಕಾರ್ಖಾನೆಗೆ ಹೋಗುತ್ತಿದ್ದವರು. "ಮಂಜಲ್ಲ ಮಹರಾಯ್ತಿ, ನಿನ್ನ ಕಾಗದ ಬೆಂದಿದೆ," ಎಂದು ಬರೆದಿದ್ದರು. ಅಲ್ಲಿಂದ ಗೆಳೆತನ. ಹತ್ತೊಂಬತ್ತು ವರ್ಷ, ಮೂವತ್ತೆಂಟು ಕಾರ್ಡು. ಒಮ್ಮೆಯೂ ಭೇಟಿಯಿಲ್ಲ, ಫೋನಿಲ್ಲ. ಒಡೆಟ್ ಬಲೆಯ ಚಿತ್ರ ಕಳಿಸಿದರು, ಬಟ್ಟೆ ಒಣಹಾಕಿದ ಹಗ್ಗ ಕಳಿಸಿದರು, ತಮ್ಮ ಚಪ್ಪಲಿಯನ್ನೂ ಕಳಿಸಿದರು. ನಿನ್ನ ಮುಖವೊಂದು ಕಳಿಸೇ ಎಂದು ಹಿಲ್ಯಾ ಪ್ರತಿ ಸುತ್ತಿನಲ್ಲೂ ಗೋಗರೆದಿದ್ದಾರೆ. ಇಲ್ಲಿ ಇಬ್ಬರು ಹೆಣ್ಣುಮಕ್ಕಳು, ಗಂಡ, ನೆರೆಹೊರೆ ಎಲ್ಲ ಇದ್ದಾರೆ. ಆದರೂ ಹಿಲ್ಯಾ ಮನಸ್ಸು ಬಿಚ್ಚಿದ್ದು ಮುಖ ಕಾಣದ ಆ ಹೆಂಗಸಿನ ಹತ್ತಿರ. ತಾಯಿ ತೀರಿಕೊಂಡಾಗ ಮೊದಲು ಬರೆದದ್ದೂ ಅವರಿಗೇ.

ಕಳೆದ ಅಕ್ಟೋಬರಿನಲ್ಲಿ ಮುಖ ಬಂತು. ಕಿಟಕಿಯ ಪಕ್ಕ ಕೂತ ಅಗಲ ಮುಖದ ಮುದುಕಿ, ನಗು ತಡೆದುಕೊಂಡ ತುಟಿ. ಬೆನ್ನಿಗೆ ನೀಲಿ ಶಾಯಿಯಲ್ಲಿ: "ಹಿಲ್ಯಾ, ಕೇಳಿ ಕೇಳಿ ಸಾಕು ಮಾಡಿದೆಯಲ್ಲ, ಇಗೋ ನಾನು. ನೋಡಿ ನಗಬೇಡ. ಬೇಸಿಗೆಗೆ ಬಾ, ಮೀನಿನ ಸಾರು ಮಾಡ್ತೀನಿ." ಹಿಲ್ಯಾ ಆ ಕಾರ್ಡನ್ನು ಅಡುಗೆಮನೆಯ ಕಿಟಕಿಗೆ ಒರಗಿಸಿಟ್ಟು, ಕಾಫಿ ಕುಡಿಯುವಾಗೆಲ್ಲ ಅದರೆದುರು ಕೂತರು.

ಜನವರಿಯಲ್ಲಿ ಒಡೆಟ್‌ರ ಕೆನ್ನೆಯ ಮೇಲೆ ಕಂದು ಕಲೆ ಕಾಣಿಸಿತು. ಹಿಲ್ಯಾಗೆ ಕಂಡೊಡನೆ ಗೊತ್ತಾಯಿತು. ಕಾಗದ, ಚಿತ್ರವನ್ನು ಗಟ್ಟಿಯಾಗಿ ನಿಲ್ಲಿಸುವ ಹೈಪೋ ದ್ರಾವಣದಲ್ಲಿ ಸಾಕಷ್ಟು ಹೊತ್ತು ನೆನೆದಿಲ್ಲ. ಹಾಗಾದರೆ ಬೆಳಕು ಬಿದ್ದಷ್ಟೂ ಚಿತ್ರ ಕಪ್ಪಾಗುತ್ತ ಹೋಗುತ್ತದೆ. ಬೇರೆಯವರು ಇದೇ ತಪ್ಪು ಮಾಡಿದಾಗ ಬೈದು ಕಾರ್ಡು ಹಿಂದಕ್ಕೆ ಕಳಿಸುತ್ತಿದ್ದ ಒಡೆಟ್‌ಗೆ ಹೈಪೋ ಮರೆತುಹೋಗಿದೆ! ಅದೇ ವಾರ ಅವರ ತಂಗಿಯ ಮಗಳ ಪತ್ರ ಬಂತು. ದೊಡ್ಡಮ್ಮ ಈಗ ವೃದ್ಧಾಶ್ರಮದಲ್ಲಿದ್ದಾರೆ, ಹೆಸರುಗಳು ಒಂದೊಂದಾಗಿ ಮರೆಯುತ್ತಿವೆ, ಪಟ್ಟಿಯಿಂದ ತೆಗೆದುಬಿಡಿ ಎಂದಿತ್ತು. ಹಿಲ್ಯಾ ತೆಗೆದಿಲ್ಲ.

ಅಂದಿನಿಂದ ಕಾರ್ಡು ಕಪ್ಪು ಕಾಗದದೊಳಗಿದೆ. ನೋಡಬೇಕೆನಿಸಿದರೆ ಸೌನಾಕ್ಕೆ ಬಂದು ಕೆಂಪು ಬೆಳಕಿನಲ್ಲಷ್ಟೇ ನೋಡಬೇಕು. ಕಾರ್ಡನ್ನು ಮತ್ತೆ ಹೈಪೋದಲ್ಲಿ ಅದ್ದಿದರೆ ಕಲೆ ಅಲ್ಲಿಗೇ ನಿಲ್ಲುತ್ತದೆ, ಮುಖ ಉಳಿಯುತ್ತದೆ. ಆದರೆ ಬೆನ್ನ ಮೇಲಿನ ಶಾಯಿ ನೀರಿನ ಪಾಲು. ಅದ್ದದಿದ್ದರೆ ಅಕ್ಷರ ಉಳಿದು, ಕತ್ತಲಲ್ಲಿಟ್ಟರೂ ಮೆಲ್ಲಮೆಲ್ಲಗೆ ಮುಖ ಹೋಗುತ್ತದೆ. ಎರಡೂ ಕಡೆ ಫೋಟೋ ಹೊಡೆದಿಟ್ಟುಕೊಂಡರಾಯಿತಲ್ಲ ಎಂದು ಒನ್ನಿ ಹೇಳಿದ್ದಾರೆ. ಹೊಡೆದದ್ದೂ ಆಗಿದೆ. "ಅದು ನಾನು ಮಾಡಿದ್ ಕಾರ್ಡು ಕಣ್ರೀ. ಅವಳ ಕೈ ಆಡಿದ್ದು ಇದೊಂದರ ಮೇಲೆ," ಎಂಬುದು ಹಿಲ್ಯಾ ಉತ್ತರ. ಮೂರು ತಿಂಗಳು ಹಿಲ್ಯಾ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಇವತ್ತು ಶುಕ್ರವಾರ, ನಾಳೆ ಒಲೆ ಹೊತ್ತಬೇಕು, ತಟ್ಟೆಗಳನ್ನು ತೆಗೆಯಲೇಬೇಕು. ಕೊನೆಯ ದೋಣಿಯನ್ನು ಹಗ್ಗಕ್ಕೆ ಸಿಕ್ಕಿಸಿ, ಅವರು ಕಪ್ಪು ಕಾಗದ ಬಿಚ್ಚುತ್ತಾರೆ. ಕಲೆ ಕೆನ್ನೆ ದಾಟಿ ಕಣ್ಣಿನ ಅಂಚಿಗೆ ಬಂದಿದೆ. ಕಾರ್ಡಿನ ಬೆನ್ನು ತಿರುಗಿಸಿ ಒಂದು ಸಲ ಓದುತ್ತಾರೆ, ತುಟಿ ಮಾತ್ರ ಅಲ್ಲಾಡುತ್ತದೆ. ಆಮೇಲೆ ಮುಖ ಮೇಲೆ ಮಾಡಿ ಹೈಪೋ ತಟ್ಟೆಗೆ ಬಿಡುತ್ತಾರೆ. ಶಾಯಿ ಹೊಗೆಯಂತೆ ಅಂಚಿನಿಂದ ಏಳುತ್ತದೆ. ಅಂಚೆಚೀಟಿಯೂ ಬಿಟ್ಟುಕೊಂಡು ತೇಲುತ್ತದೆ. ಹಿಲ್ಯಾ ಅಳುತ್ತಿದ್ದಾರೆ, ಆದರೆ ಎಣಿಕೆ ತಪ್ಪಿಸಿಲ್ಲ.

"ಅಕ್ಷರ ಬಾಯಿಪಾಠ ಆಗುತ್ತೆ," ಎಂದು ಆಮೇಲೆ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ. "ಮುಖ ಆಗಲ್ಲ."

ಒಡೆಟ್‌ರನ್ನು ನೋಡಿಬರಲು ಜುಲೈನಲ್ಲಿ ಎರಡು ವಾರ ರಜೆ ಕೇಳಿದ್ದಾರೆ. ಒಡೆಟ್‌ಗೆ ನಿಮ್ಮ ಹೆಸರೂ ನೆನಪಿರಲಾರದು ಎಂದು ತಂಗಿಯ ಮಗಳು ಮುಂಚೆಯೇ ಎಚ್ಚರಿಸಿದ್ದಾಳೆ. ಹಿಲ್ಯಾ ಅದಕ್ಕೂ ತಯಾರಾಗಿದ್ದಾರೆ.

"ಅವಳಿಗೆ ನನ್ನ ಗುರುತು ಸಿಗದೇ ಹೋದ್ರೆ ಹೋಗ್ಲಿ. ಅಲ್ಲಿ ಅಷ್ಟು ಜನ ಮುದುಕೀರು ಕೂತಿರ್ತಾರಲ್ಲ, ಯಾರನ್ನೂ ಕೇಳದೆ ನಾನು ಸೀದಾ ಅವಳ ಹತ್ರ ಹೋಗಿ ನಿಲ್ಬೇಕು."