ಮಂಡಪದಲ್ಲಿ ಬಂಧಿಯಾದ ಬೀಗರು

ಗಂಡಿನ ಕಡೆಯವರು ಮಗಳಿಗೆ ಹೂ ಮುಡಿಸಲು ಬರುವ ಬೆಳಿಗ್ಗೆ, ಅವರ ವ್ಯಾನು ಇನ್ನೇನು ತೊಪ್ಪೂರು ಘಾಟಿ ಇಳಿಯುತ್ತಿರುವಾಗ, ನಿಮ್ಮ ಅತ್ತೆ ಅರೆಸ್ಟ್ ಆಗಿದ್ದಾರೆ ಅಂತ ಫೋನ್ ಬಂದರೆ ನೀವು ಏನು ಮಾಡುತ್ತೀರಿ?

ನಾನು ಕೇಸರಿಬಾತಿಗೆ ಎರಡನೇ ಸಲ ಸಕ್ಕರೆ ಹಾಕಿದೆ.

ಫೋನ್ ಮಾಡಿದ್ದು ಸ್ವತಃ ಅತ್ತೆಯೇ. ಯಾರದೋ ಮೊಬೈಲಿನಿಂದ. 'ಲೇ ಸುಜಾತಾ, ನನ್ನ ಪೋಲೀಸ್ನೋರು ಇಡ್ಕಂಡವ್ರೆ. ಗಾಬ್ರಿ ಆಗ್ಬ್ಯಾಡ. ಮಂಡಪದಾಗೆ ಫ್ಯಾನ್ ಐತೆ' ಅಂದರು. ಹಿಂದಿನಿಂದ ಯಾರೋ 'ಪೋರ್ ವೇಂಡಾಂ' ಅಂತ ಕೂಗುತ್ತಿದ್ದರು. ಯುದ್ಧ ಬೇಡ! ಅತ್ತೆಯೂ ಫೋನು ಕಿವಿಯಲ್ಲಿರುವಾಗಲೇ 'ವೇಂಡಾಂ' ಅಂತ ದನಿಗೂಡಿಸಿದರು. ನನ್ನ ಕಿವಿ ಗುಂಯ್ ಅಂದಿತು.

ಕರ್ನಾಟಕದಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಮಂಡಪದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ತಮಿಳುನಾಡಿನಲ್ಲಿ ಪರ್ಮಿಷನ್ ಇಲ್ಲದೆ ರಸ್ತೆಯಲ್ಲಿ ಕೂತವರನ್ನು ಪೊಲೀಸರು ವ್ಯಾನಿಗೆ ಹತ್ತಿಸಿಕೊಂಡು ಹೋಗಿ ಜೈಲಿಗೆ ಹಾಕುವುದಿಲ್ಲ. ಕಲ್ಯಾಣ ಮಂಡಪಕ್ಕೆ ಹಾಕುತ್ತಾರೆ. ಮಧ್ಯಾಹ್ನ ಅನ್ನದ ಪೊಟ್ಟಣ ಕೊಡುತ್ತಾರೆ. ಸಂಜೆ ಆರಕ್ಕೆ ಹೆಸರು ಕೂಗಿ ಬಿಡುತ್ತಾರೆ. ದೊಡ್ಡ ದೊಡ್ಡ ಲೀಡರುಗಳೂ ಹೀಗೆ ಮಂಡಪದಲ್ಲಿ ಕಾಲು ಚಾಚಿ ಮಲಗಿ ಎದ್ದು ಬಂದವರೇ. (ನಮ್ಮ ಕಡೆ ಮದುವೆಯಾಗದೆ ಮಂಡಪ ನೋಡಿದವನು ಅಂದರೆ ಹೋರಾಟಗಾರ ಅಂತ ಅರ್ಥ.)

ಆದರೆ ನಮ್ಮತ್ತೆ ಹೋರಾಟಗಾರ್ತಿ ಅಲ್ಲ. ಕಡಯಂಪಟ್ಟಿಯ ನಮ್ಮ ಮನೆಯಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ಓಮಲೂರಿಗೆ ಹೊರಟದ್ದು ಹೂವಿಗೆ. ಮೊಮ್ಮಗಳು ನಂದಿನಿಗೆ ಮುಡಿಸುವ ಹೂವನ್ನು ಬೇರೆ ಯಾರೋ ಆರಿಸುವುದೆ? ಅತ್ತೆಯ ಪ್ರಕಾರ ನನಗೆ ಮೊಗ್ಗು ಯಾವುದು, ನಿನ್ನೆಯ ಹೂವು ಯಾವುದು ಅಂತ ಈ ಜನ್ಮದಲ್ಲಿ ತಿಳಿಯುವುದಿಲ್ಲ. ಹೂವೇನೋ ತಗೊಂಡರು. ಬುಟ್ಟಿ ತುಂಬ ಮಲ್ಲಿಗೆ, ಮೇಲೊಂದಿಷ್ಟು ಕನಕಾಂಬರ. ವಾಪಸ್ ಬಸ್ ಸ್ಟ್ಯಾಂಡಿಗೆ ಬರುವಾಗ ರಸ್ತೆಯ ಮಧ್ಯೆ ಒಂದು ಸಣ್ಣ ಗುಂಪು ಕೂತಿತ್ತು. ಒಬ್ಬ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು, ಒಬ್ಬ ಟೈಲರ್, ಸೇಲಂ ಕಾಲೇಜಿನ ಕೆಲವು ಹುಡುಗಿಯರು. ಕೈಯಲ್ಲಿ ಯುದ್ಧ ನಿಲ್ಲಿಸಿ ಅನ್ನುವ ಬೋರ್ಡುಗಳು. ಅತ್ತೆ ನಿಂತು ಓದಿಸಿಕೊಂಡರು. ಆಮೇಲೆ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು.

ಈಗ ಹೇಳಿ. ಮನೆಯಲ್ಲಿ ಹಿರಿಯ ಹೆಂಗಸು ಇಲ್ಲ. ತಾಂಬೂಲ ತಗೊಳ್ಳಬೇಕಾದವರು ಅವರು. ಹೂ ಇಲ್ಲ. ಅದೂ ಅವರ ಬುಟ್ಟಿಯಲ್ಲಿ. ಭಾನುವಾರದ ರಾಹುಕಾಲ ನಾಲ್ಕೂವರೆಗೆ ಶುರುವಾದರೆ ಮುಗಿಯುವುದು ಆರಕ್ಕೆ. ಪೊಲೀಸರು ಬಿಡುವುದೂ ಆರಕ್ಕೆ! ಅತ್ತೆಯನ್ನು ಕಾದು ಕೂತರೆ ದಿನವೇ ಹೋಯಿತು. ಇದಲ್ಲದೆ ಗಂಡಿನ ಸೋದರಮಾವ ಹವಾಲ್ದಾರರು. ಮಿಲಿಟರಿಯಿಂದ ರಿಟೈರ್ ಆಗಿ ಧರ್ಮಪುರಿಯಲ್ಲಿ ಇರುವವರು. ಆ ಮನೆಯಲ್ಲಿ ಮಾವ ತಟ್ಟೆ ಎತ್ತಿಕೊಡದೆ ಯಾವ ಶಾಸ್ತ್ರವೂ ಇಲ್ಲ. ಅಂಥವರಿಗೆ, ಸ್ವಾಮೀ ನಮ್ಮ ಹಿರಿಯರು ಯುದ್ಧ ಬೇಡ ಅಂತ ಅರೆಸ್ಟ್ ಆಗಿದ್ದಾರೆ ಅಂತ ಯಾವ ಬಾಯಲ್ಲಿ ಹೇಳುವುದು?

ನನ್ನ ಗಂಡ ಹೇಳಿಯೇಬಿಟ್ಟರು. ವ್ಯಾನು ಬಂದು ನಿಂತಿತು, ಅವರು ಕಾಫಿಗೂ ಮೊದಲು ಎಲ್ಲ ಒದರಿದರು. ನಂದಿನಿ ಒಳಗೆ ಬಾಯಿಗೆ ಸೆರಗು ಅಡ್ಡ ಹಿಡಿದು ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ನನಗೆ ಗೊತ್ತಾಗಲಿಲ್ಲ. ಹುಡುಗ ಕಾರ್ತಿ ಅವಳಿಗೆ ಇಷ್ಟವಾಗಿದ್ದ, ಅದಂತೂ ಗೊತ್ತಿತ್ತು. ಕೈ ತಪ್ಪಿಹೋಗಬಾರದು ಅಂತ ನಾನು ಕೇಳದವರಿಗೂ ಕೇಸರಿಬಾತು ಬಡಿಸಿದೆ.

ಕಾರ್ತಿಯ ತಾಯಿ ಪಾಪಿರೆಡ್ಡಿಪಟ್ಟಿಯ ಕಡೆಯವರು. ಹೊಲ, ಮನೆ ಎರಡನ್ನೂ ನಡೆಸುವ ಗಟ್ಟಿಗಿತ್ತಿ. ಲೋಟ ಕೆಳಗಿಟ್ಟು, 'ದೊಡ್ಡೋರಿಲ್ದೆ ಊವಿಲ್ಲ. ದೊಡ್ಡೋರು ಎಲ್ಲವ್ರೋ ಅಲ್ಲಿಗೇ ಓಗಾನ, ಕಂಡು ಮಾತಾಡ್ಕಂಡು ಬರಾನ' ಅಂದರು. ಅಷ್ಟೇ. ಎರಡು ಮನೆಯೂ ವ್ಯಾನು ಹತ್ತಿತು. ಹವಾಲ್ದಾರರು ಮುಂದಿನ ಸೀಟಿನಲ್ಲಿ ಕೂತರು. ಓಮಲೂರಿನ ತನಕ ಅವರ ಮೀಸೆ ಅಲ್ಲಾಡುತ್ತಲೇ ಇತ್ತು.

ಮಂಡಪದ ಗೇಟಿನಲ್ಲಿ ಒಬ್ಬ ಪೊಲೀಸ್ ಹುಡುಗಿ. ಅವಳಿಗೆ ಕಂಡದ್ದೇನು? ರೇಷ್ಮೆ ಸೀರೆಗಳು, ಹಣ್ಣಿನ ತಟ್ಟೆಗಳು, ತೆಂಗಿನಕಾಯಿ, ಪಂಚೆ ಉಟ್ಟ ಗಂಡಸರು. ಮಂಡಪದ ಬಾಗಿಲಿಗೆ ತಟ್ಟೆ ಹಿಡಿದು ಬಂದವರನ್ನು ತಡೆದು ಗೊತ್ತಿರುವ ಜನವೇ ನಾವು? ಪಾಪ, ಅವಳಿಗೂ ಕೈ ಮುಗಿದೇ ಅಭ್ಯಾಸ. 'ವಾಂಗ ವಾಂಗ', ಬನ್ನಿ ಬನ್ನಿ ಅಂತ ನಗುತ್ತ ಒಳಗೆ ಬಿಟ್ಟಳು. ಚಪ್ಪಲಿ ಎಲ್ಲಿ ಬಿಡಬೇಕು ಅಂತಲೂ ತೋರಿಸಿದಳು.

ಹಿಂದೆಯೇ ಬಂದ ಎಸ್.ಐ. ಗೇಟಿಗೆ ಬೀಗ ಹಾಕಿಸಿದರು. ಒಳಗಿದ್ದವರು ಒಳಗೇ. ಆರಕ್ಕೆ ಮೊದಲು ಒಬ್ಬರೂ ಹೊರಗೆ ಹೋಗುವ ಹಾಗಿಲ್ಲ. ನಾವು ಅರೆಸ್ಟ್ ಆದವರಲ್ಲ ಸಾರ್ ಅಂದರೆ, ಎಲ್ಲರೂ ಹಾಗೇ ಹೇಳೋದು ಅಂದರು.

ಅಲ್ಲಿಗೆ ಬೀಗರೂ ಬಂಧಿ!

ಒಳಗೆ ನೋಡಿದರೆ ಅತ್ತೆ ಫ್ಯಾನಿನ ಕೆಳಗೆ ಕೂತು ಕಾಲೇಜು ಹುಡುಗಿಯರ ಕೈಯಲ್ಲಿ ಮಲ್ಲಿಗೆ ಕಟ್ಟಿಸುತ್ತಿದ್ದಾರೆ. ವೇದಿಕೆಯ ಮೇಲೆ, ವಧೂವರರ ಹೆಸರು ಅಂಟಿಸುವ ಜಾಗದಲ್ಲಿ, 'ಪೋರ್ ವೇಂಡಾಂ' ಅಂತ ದೊಡ್ಡ ಬಟ್ಟೆ ಇಳಿಬಿಟ್ಟಿದೆ. ನನಗೆ ನಗು ತಡೆಯಲಾಗಲಿಲ್ಲ. ಎಷ್ಟು ಮದುವೆಗಳಿಗೆ ಆ ಬೋರ್ಡು ಮೊದಲೇ ಹಾಕಿದ್ದರೆ ಅನುಕೂಲವಾಗುತ್ತಿತ್ತು ಅಂತ ಲೆಕ್ಕ ಹಾಕಿದೆ. (ನನ್ನ ಮದುವೆಯನ್ನೂ ಸೇರಿಸಿಯೇ.)

ಹವಾಲ್ದಾರರಿಗೆ ನಗು ಬರಲಿಲ್ಲ. ನೇರ ಅತ್ತೆಯ ಮುಂದೆ ಹೋಗಿ ನಿಂತರು.

'ಅಮ್ಮಾ, ನೀವು ಓಮಲೂರು ರೋಡಲ್ಲಿ ಕುಂತ್ರೆ ಎಲ್ಲೋ ನಡೀತಿರೋ ಯುದ್ದ ನಿಂತೋಯ್ತದಾ?'

ಅತ್ತೆ ಹೂವಿನಿಂದ ತಲೆ ಎತ್ತಲಿಲ್ಲ. 'ನೀನು ಅಷ್ಟು ವರ್ಸ ಬಾರ್ಡರ್‌ನಾಗೆ ನಿಂತಿದ್ಯಲ್ಲಪ್ಪಾ. ನಿಂತೋಯ್ತಾ?'

ಮೊದಲು ನಕ್ಕಿದ್ದು ಟೈಲರ್. ಆಮೇಲೆ ಹುಡುಗಿಯರು. ಆಮೇಲೆ, ಅಯ್ಯೋ ದೇವರೇ, ಸ್ವಂತ ಸೋದರಳಿಯ ಕಾರ್ತಿ! ಹವಾಲ್ದಾರರ ಮುಖ ಕೆಂಪಗಾಯಿತು. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಗೋಡೆಗೆ ಮುಖ ಮಾಡಿ ಕೂತರು. 'ಈ ಮನೆ ಎಣ್ಣು ನಮಗೆ ಬ್ಯಾಡ' ಅಂದದ್ದು ಗೋಡೆಗೆ. ಕೇಳಿಸಿದ್ದು ಎಲ್ಲರಿಗೂ.

ನನ್ನ ನಗು ಅಲ್ಲೇ ಒಣಗಿತು. ನಂದಿನಿ ತಲೆ ತಗ್ಗಿಸಿದಳು. ಈ ಸಲ ಅವಳು ನಗುತ್ತಿರಲಿಲ್ಲ.

ಅತ್ತೆಯ ಪಕ್ಕ ಕೂತು ಮೆಲ್ಲಗೆ ಕೇಳಿದೆ. ಯಾಕತ್ತೆ, ಇವತ್ತೇ ಆಗಬೇಕಿತ್ತಾ? ಅವರು ಹೇಳಿದ್ದು ಇಷ್ಟು. 'ಟೀವಿನಾಗೆ ಒಬ್ಳು ಮುದುಕಿ ಬತ್ತಾಳೆ, ನೀನೂ ನೋಡಿದೀಯ. ಮನೆ ಬಿದ್ದೋಗೈತೆ. ಒಂದು ಕೊಡ ಸೊಂಟದ ಮ್ಯಾಲೆ ಇಟ್ಕಂಡು ಓಗ್ತಾವ್ಳೆ. ಅದ್ರಾಗೆ ನೀರೈತೋ ಇಲ್ವೋ ತಿಳೀದು. ಅಷ್ಟರಾಗೆ ಅಡ್ವಟೈಸ್ಮೆಂಟ್ ಆಕ್ಬುಡ್ತಾರೆ. ದಿನಾ ನಂಗೆ ಅದೇ ಯೋಚ್ನೆ. ಇವತ್ತು ಇವ್ರು ಕುಂತಿದ್ರು. ನಾನೂ ಕುಂತೆ.'

ಆ ಸುದ್ದಿಯನ್ನು ನಾನೂ ನೋಡಿದ್ದೆ. ಕೊಡ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ನಮಗೆಲ್ಲ ಯುದ್ಧ ಅಂದರೆ ಸ್ಕೋರ್ ತಾನೇ? ಯಾರು ಎಷ್ಟು ಹೊಡೆದರು, ಯಾವ ಮಿಸೈಲು ಎಷ್ಟು ದೂರ ಹೋಯಿತು. ಊಟದ ತಟ್ಟೆ ಹಿಡಿದುಕೊಂಡೇ ನೋಡಿ ಮುಗಿಸುತ್ತೇವೆ.

ಮಧ್ಯಾಹ್ನ ಪೊಟ್ಟಣ ಬಂತು. ಚಿತ್ರಾನ್ನ, ಮೊಸರನ್ನ. ಗಂಡಿನ ಕಡೆಯವರು ತಂದಿದ್ದ ಲಾಡು, ಬಾಳೆಹಣ್ಣು ಹೋರಾಟಗಾರರಿಗೆ ಹೋಯಿತು. ಹೋರಾಟಗಾರರ ಉಪ್ಪಿನಕಾಯಿ ನಮಗೆ ಬಂತು. ಹವಾಲ್ದಾರರಿಗೆ ಡ್ರಾಯಿಂಗ್ ಮೇಷ್ಟ್ರೇ ಪೊಟ್ಟಣ ಬಿಚ್ಚಿ ಕೊಟ್ಟರು. ಗೋಡೆ ನೋಡುತ್ತಲೇ ತಿಂದರು. ಎರಡನೇ ಪೊಟ್ಟಣವನ್ನೂ ಬೇಡ ಅನ್ನಲಿಲ್ಲ.

ಊಟವಾದ ಮೇಲೆ ಇನ್‌ಸ್ಪೆಕ್ಟರ್ ಬಂದರು. ಒಳ್ಳೆಯ ಮನುಷ್ಯ, ಹೇಳಲೇಬೇಕು. ರೇಷ್ಮೆ ಸೀರೆಗಳನ್ನು ನೋಡಿ, ಗೇಟಿನ ಹುಡುಗಿಯನ್ನು ನೋಡಿ, ಹಣೆ ಒತ್ತಿಕೊಂಡರು. ಅತ್ತೆಯ ಮುಂದೆ ಬಗ್ಗಿ, ಸ್ವಂತ ಅಜ್ಜಿಯನ್ನು ಕರೆಯುವ ಹಾಗೆ ಕರೆದು ತಮಿಳಿನಲ್ಲಿ ಹೇಳಿದರು: 'ಪಾಟ್ಟಿ, ಹೂ ತಗೊಳ್ಳೋಕೆ ಬಂದೆ, ಗುಂಪಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಒಂದು ಮಾತು ಹೇಳಿ ಸಾಕು. ಕೇಸಿಲ್ಲ, ಏನಿಲ್ಲ. ಎಲ್ಲರನ್ನೂ ಈಗಲೇ ಬಿಡ್ತೀನಿ. ಮನೆಗೆ ಹೋಗಿ ಶಾಸ್ತ್ರ ಮಾಡಿಕೊಳ್ಳಿ.'

ಆಹಾ! ಬಾಗಿಲು ತೆರೆಯಿತು ಅಂದುಕೊಂಡೆ. ನನ್ನ ಗಂಡ 'ಅಂಗಂತ ಯೇಳ್ಬುಡವ್ವಾ' ಅಂತ ಅವಸರಿಸಿದರು. ನಾನು ಅತ್ತೆಯ ಮೊಣಕೈ ಹಿಂಡಿದೆ. ಅರ್ಧ ನಿಜವೇ ಅಲ್ಲವೇ ಅದು? ಅರ್ಧ ನಿಜದ ಮೇಲೆ ಈ ನಾಡಿನಲ್ಲಿ ಎಷ್ಟು ಸಂಸಾರಗಳು ನಿಂತಿಲ್ಲ?

ಅತ್ತೆ ತಮಿಳಿನಲ್ಲೇ ಉತ್ತರಿಸಿದರು. ಹೂವಿಗೆ ಬಂದದ್ದು ನಿಜ. ಆದರೆ ಸಿಕ್ಕಿಹಾಕಿಕೊಳ್ಳಲಿಲ್ಲ, ನೋಡಿಯೇ ಕೂತೆ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, 'ಮೊಣಕೈ ಬಿಡೇ, ನೋಯ್ತೈತೆ' ಅಂದರು.

ಹಾಗಾದರೆ ಕೇಸು ಹಾಕಲೇಬೇಕಾಗುತ್ತದೆ ಪಾಟ್ಟಿ ಅಂದರು ಇನ್‌ಸ್ಪೆಕ್ಟರ್. ಹಾಕಪ್ಪಾ ಅಂದರು ಅತ್ತೆ. ಹೂವಿನ ಮೇಲೆ ನೀರು ಚಿಮುಕಿಸಿದರು.

ಮುಗಿಯಿತು. ಕೇಸಿರುವ ಮನೆಯಿಂದ ಹೆಣ್ಣು ತರುವವರು ಯಾರು? ನಾನು ಕಾರ್ತಿಯ ತಾಯಿಯ ಮುಖ ನೋಡಲಾರದೆ ನೆಲ ನೋಡಿದೆ. ಆ ಹೆಂಗಸು ಎದ್ದರು. ತಂದ ತಟ್ಟೆ ವಾಪಸ್ ಎತ್ತಿಡುತ್ತಾರೆ ಅಂದುಕೊಂಡೆ. ಅವರು ಸೀದಾ ಗೋಡೆಯ ಹತ್ತಿರ ಹೋಗಿ ಅಣ್ಣನ ಕುರ್ಚಿಯನ್ನು ಹಿಡಿದು ಇತ್ತ ತಿರುಗಿಸಿದರು. ಅಣ್ಣನ ಸಮೇತ!

'ಅಣ್ಣಾ, ಏಳು. ತಟ್ಟೆ ಎತ್ಕ.'

'ನಾನು ಒಪ್ಪಲ್ಲ.'

'ಅವ್ರ ಯುದ್ದದ ಮಾತಿಗೆ ಒಪ್ಬ್ಯಾಡ. ಎಣ್ಣಿಗೆ ಒಪ್ಕ. ಎಲ್ಡೂ ಬ್ಯಾರೆ. ಎಣ್ಣು ನೋಡಕ್ಕೆ ಅಂತ ಓದ ಮನೆಲೆಲ್ಲಾ ಸುಳ್ಳು ಕೇಳಿ ಕೇಳಿ ನಂಗೆ ಸಾಕಾಗೈತೆ. ವಯಸ್ಸು ಸುಳ್ಳು, ಓದು ಸುಳ್ಳು, ಒಬ್ರು ಮನೆಯಾಗೆ ಮಾಡಿದ್ವಿ ಅಂದ ಮೈಸೂರ್‌ಪಾಕೂ ಬೇಕ್ರಿದು. ಈಯಮ್ಮ ಪೋಲೀಸ್ನೋರು ಬಿಡ್ತೀನಿ ಅಂದ್ರೂ ಒಂದು ಸುಳ್ ಯೇಳ್ಲಿಲ್ಲ. ಇಂಥ ಮನೆ ಇನ್ನೆಲ್ಲಿ ಉಡುಕ್ಲಿ ನಾನು?'

ಹವಾಲ್ದಾರರು ತಂಗಿಯನ್ನು ನೋಡಿದರು. ಅಳಿಯನನ್ನು ನೋಡಿದರು. ಗಡಿಯಾರ ನೋಡಿದರು. ರಾಹುಕಾಲ ಹತ್ತಿರ ಬರುತ್ತಿತ್ತು. ಮಿಲಿಟರಿಯವರಿಗೆ ಟೈಮಿನ ವಿಷಯದಲ್ಲಿ ಬಹಳ ಶಿಸ್ತು. ಎದ್ದರು. ತಟ್ಟೆ ಎತ್ತಿದರು. 'ಅಭಿಪ್ರಾಯ ಬದಲಾಗಿಲ್ಲ' ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಸರಿ, ವೇದಿಕೆ ಹತ್ತಿದೆವು. ಎರಡು ಮನೆಯ ಹಿರಿಯರು ತಾಂಬೂಲ ಬದಲಾಯಿಸಿಕೊಂಡರು. ನಂದಿನಿಯ ಜಡೆಗೆ ಹೂ ಸಿಕ್ಕಿಸಲು ಪಿನ್ನಿಲ್ಲ. ಗೇಟಿನ ಪೊಲೀಸ್ ಹುಡುಗಿ ಟೋಪಿ ತೆಗೆದು ತನ್ನ ತಲೆಯ ಪಿನ್ನು ಕೊಟ್ಟಳು. ಟೈಲರ್ ಮೊಬೈಲಿನಲ್ಲಿ ನಾದಸ್ವರ ಹಾಕಿದರು. ಹುಡುಗಿಯರು ಶಿಳ್ಳೆ ಹೊಡೆದರು. ಆ ಗದ್ದಲದಲ್ಲಿ ಹೂ ಏರಿತು. ನನಗೆ ಅಳು ಬಂತು. ನಗುತ್ತಲೇ ಕಣ್ಣೊರೆಸಿಕೊಂಡೆ. ಇನ್‌ಸ್ಪೆಕ್ಟರ್ ಅಕ್ಷತೆ ಹಾಕಿ, ಆರಕ್ಕೆ ಮುಂಚೆ ಬಿಡಲು ಮಾತ್ರ ಆಗುವುದಿಲ್ಲ ಅಂತ ನೆನಪಿಸಿ ಹೋದರು.

ಮರುದಿನದ ಪೇಪರಿನಲ್ಲಿ ಯುದ್ಧವಿರೋಧಿಗಳ ಬಂಧನ ಅಂತ ಫೋಟೋ ಬಂತು. ಯಾರು ತೆಗೆದರೋ ಕಾಣೆ. 'ಪೋರ್ ವೇಂಡಾಂ' ಬಟ್ಟೆಯ ಕೆಳಗೆ, ನಟ್ಟನಡುವೆ, ತೆಂಗಿನಕಾಯಿ ಹಿಡಿದು ಎದೆ ಸೆಟೆಸಿ ನಿಂತವರು ನಮ್ಮ ಹವಾಲ್ದಾರರು! ಅವರ ಹಳೆಯ ಮಿಲಿಟರಿ ಗೆಳೆಯರೆಲ್ಲ ಫೋನ್ ಮಾಡಿದರಂತೆ. ಹವಾಲ್ದಾರರು ಅತ್ತೆಗೆ ಫೋನ್ ಮಾಡಿ, 'ನಿಮ್ಮಿಂದ ನನ್ ಮಾನ ಓಯ್ತಮ್ಮಾ' ಅಂದರು. ಅತ್ತೆ, 'ಫೋಟೋ ಚೆಂದಾಗಿ ಬಂದೈತೆ ಬಿಡಪ್ಪಾ' ಅಂದರು.

ಕೇಸು ಸುಮ್ಮನಾಗಲಿಲ್ಲ. ಕೋರ್ಟಿಗೆ ಕರೆ ಬಂತು. ಆ ಬೆಳಿಗ್ಗೆ ಮನೆ ಮುಂದೆ ಜೀಪು ನಿಂತಿತು. ಹವಾಲ್ದಾರರೇ ಡ್ರೈವಿಂಗ್. 'ಬಸ್ಸಲ್ಲಿ ಓದ್ರೆ ದಾರೀಲಿ ಇನ್ನೆಲ್ಲಿ ಕುಂತ್ಕಂಬುಡ್ತಾರೋ' ಅಂತ ನನಗೆ ವಿವರಣೆ. ಜೀಪಿನಲ್ಲಿ ದಾರಿಯುದ್ದಕ್ಕೂ ಇಬ್ಬರೂ ಜಗಳ. ಸೈನ್ಯವಿಲ್ಲದೆ ದೇಶ ಇರುತ್ತದಾ ಅಂತ ಅವರು, ನಾನೆಲ್ಲಿ ಸೈನ್ಯ ಬೇಡ ಅಂದೆ, ಯುದ್ಧ ಬೇಡ ಅಂದೆ ಅಂತ ಇವರು. ಕೋರ್ಟಿನಲ್ಲಿ ಜಡ್ಜಮ್ಮ, ಇನ್ನೊಮ್ಮೆ ಹೀಗೆ ಕೂರುತ್ತೀರಾ ಅಂತ ಕೇಳಿದರು. ಯುದ್ಧ ನಿಂತರೆ ಯಾಕೆ ಕೂರುತ್ತೇನೆ ಅಂದರು ಅತ್ತೆ. ಜಡ್ಜಮ್ಮ ನಗು ನುಂಗಿಕೊಂಡು ಇನ್ನೊಂದು ತಾರೀಕು ಕೊಟ್ಟರು. ನಾವು ಮದುವೆಗೆ ಅದನ್ನು ಬಿಟ್ಟು ಬೇರೆ ತಾರೀಕು ಹುಡುಕುತ್ತಿದ್ದೇವೆ.

ಹವಾಲ್ದಾರರು ಒಪ್ಪಿದ್ದಾರೆಯೇ? ಇಲ್ಲ. ಅತ್ತೆ ಬಗ್ಗಿದ್ದಾರೆಯೇ? ಅದೂ ಇಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಕಿತ್ತಾಡುತ್ತಾರೆ, ಕೊನೆಗೆ ಊಟ ಆಯ್ತಾ ಅಂತ ಕೇಳಿ ಇಡುತ್ತಾರೆ. ಇಷ್ಟಕ್ಕೆಲ್ಲ ಬೇಕಾದದ್ದು ಒಂದು ಬೀಗ, ಎರಡು ಪೊಟ್ಟಣ ಅನ್ನ, ಆರರ ತನಕ ಹೊರಗೆ ಬಿಡುವುದಿಲ್ಲ ಅನ್ನುವ ಒಬ್ಬ ಎಸ್.ಐ.

ಬಾಂಬು ಹಾಕಿಸುವ ಆ ದೊಡ್ಡ ಮನುಷ್ಯರನ್ನು ಹೀಗೆ ಒಂದು ಮಂಡಪಕ್ಕೆ ಹಾಕುವ ಪೊಲೀಸರು ಯಾವ ದೇಶದಲ್ಲಿದ್ದಾರೆ?