ದೆಲಿಯಾಳ ಡಾಕ್ಟರ ದಿವಾನು

ನೊರ್ಬೆರ್ತೊಗೆ ಹೊಟ್ಟೆಕಿಚ್ಚು. ಅದೂ ಯಾರ ಮೇಲೆ? ಎಪ್ಪತ್ತು ದಾಟಿದ, ತಲೆಯೆಲ್ಲ ಬೋಳಾದ, ಮನೆಯೊಳಗೂ ಮಫ್ಲರ್ ಸುತ್ತಿಕೊಂಡೇ ಕೂರುವ ಒಬ್ಬ ಮುದಿ ಡಾಕ್ಟರ ಮೇಲೆ. ಹೆಂಡತಿಯ ಮೇಲೆ ಅನುಮಾನಪಡುವ ಸುಖವೂ ಪಾಪ ಅವನ ಪಾಲಿಗಿರಲಿಲ್ಲ. ಅನುಮಾನಪಟ್ಟಿದ್ದರೆ ಬೀದಿಯವರು ಬಿದ್ದು ಬಿದ್ದು ನಗುತ್ತಿದ್ದರು.

ಬ್ಯೂನಸ್ ಐರಿಸ್‌ನ ನಮ್ಮ ಬೀದಿಯಲ್ಲಿ ಮನಸ್ಸಿನ ಡಾಕ್ಟರಿಲ್ಲದವರೇ ಇಲ್ಲ. ಮಾಂಸದಂಗಡಿಯವನಿಗೊಬ್ಬರು, ಕ್ಷೌರದವನಿಗೊಬ್ಬರು, ಪಾದ್ರಿಗೂ ಗುಟ್ಟಾಗಿ ಒಬ್ಬರು. ಫೆಬ್ರವರಿಯಲ್ಲಿ ಆ ಡಾಕ್ಟರುಗಳೆಲ್ಲ ಒಟ್ಟಿಗೇ ರಜೆ ಹಾಕಿ ಸಮುದ್ರದ ಕಡೆ ಹೋದರೆಂದರೆ ಇಡೀ ಬೀದಿ ಸಿಡಿಸಿಡಿ ಅನ್ನುತ್ತಿರುತ್ತದೆ. ಅವರು ಜನರನ್ನು ಮಲಗಿಸಿ ಮಾತಾಡಿಸುವ ದಿವಾನುಗಳಿಗೆ ಸ್ಪ್ರಿಂಗು ಕಟ್ಟಿ ಬಟ್ಟೆ ಹೊದಿಸುವುದೇ ನೊರ್ಬೆರ್ತೊನ ಕಸುಬು. ಹರೆಯದಿಂದಲೂ ಅದನ್ನೇ ಮಾಡಿಕೊಂಡು ಬಂದವನು, ಒಂದರ ಮೇಲೂ ತಾನು ಮಲಗಿದವನಲ್ಲ. ತಾನೇನು ಹುಚ್ಚನೇ ಎಂದು ಮೀಸೆ ತಿರುವುತ್ತಿದ್ದ.

ಅವನ ಹೆಂಡತಿ ದೆಲಿಯಾ, ಗಂಡನ ಕೆಲಸದ ಕೋಣೆಯ ಮುಂಭಾಗದಲ್ಲೇ ಸಿಗರೇಟು, ಮಿಠಾಯಿ ಮಾರುವ ಗೂಡಂಗಡಿ ಇಟ್ಟಿದ್ದಳು. ಒಂದು ಮಧ್ಯಾಹ್ನ ಇಬ್ಬರು ಬೈಕಿನಲ್ಲಿ ಬಂದರು. ಅವಳನ್ನು ನೆಲಕ್ಕೆ ಬೋರಲು ಕೆಡವಿ, ಬೆನ್ನಿಗೆ ಪಿಸ್ತೂಲು ಒತ್ತಿ, ಗಲ್ಲಾ ಬಳಿದುಕೊಂಡು ಹೋದರು. ಅಲ್ಲಿಂದ ಮುಂದೆ ಬೈಕಿನ ಸದ್ದು ಕೇಳಿದರೆ ಸಾಕು, ಅವಳಿಗೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಅಂಗಡಿ ಮುಚ್ಚಿತು. ಬ್ರೆಡ್ಡು ತರಲೂ ಗಂಡನ ತೋಳು ಬೇಕಾಯಿತು. ಎರಡು ವರ್ಷ ಪುಣ್ಯಾತ್ಮ ಅವಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಬೆಳಿಗ್ಗೆ ಹಾಸಿಗೆಗೇ ಬಿಸಿಬಿಸಿ ಮಾಟೆ ಸೊಪ್ಪಿನ ಕಷಾಯ ತಂದು ಕುಡಿಸುತ್ತಿದ್ದ. ಅಂದು ಏನಾಯಿತು ಹೇಳು ಎಂದು ಕೇಳಿದರೆ ಮಾತ್ರ ಅವಳು ಗೋಡೆ ಕಡೆ ತಿರುಗಿಬಿಡುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಬೇಕೆಂದರೆ, ಅವಳು ತೋಳಿಗೆ ಜೋತುಬಿದ್ದು ನಡೆಯುವುದು ಅವನಿಗೆ ಹಿತವಾಗಿಯೇ ಇತ್ತು.

ಕೊನೆಗೆ ಅವಳ ಅಕ್ಕ ಬಂದು, ಇದೇನು ಬಾಳು ಎಂದು ಬೈದು, ಈ ಬೋಳು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಪ್ರತಿ ಗುರುವಾರ ಹೋಗುವುದು ಶುರುವಾಯಿತು. ಚಳಿಗಾಲ ಮುಗಿಯುವಷ್ಟರಲ್ಲಿ ದೆಲಿಯಾ ಒಬ್ಬಳೇ ಬಸ್ಸು ಹತ್ತಿದಳು. ಬೀದಿಗೆ ಬೀದಿಯೇ ಸಂಭ್ರಮಪಟ್ಟಿತು, ನೊರ್ಬೆರ್ತೊನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ತಾನು ಎರಡು ವರ್ಷ ಜೀವ ತೇದರೂ ಆಗದ್ದು, ಆ ಬೋಳ ಕುರ್ಚಿಯಲ್ಲಿ ಕೂತು "ಹೂಂ, ಆಮೇಲೆ?" ಅಂದದ್ದಕ್ಕೆ ಆಗಿಬಿಟ್ಟಿತೇ? ಅಲ್ಲಿ ಏನು ಮಾತಾಡಿದೆ ಎಂದು ಕೇಳಿದರೆ ಅವಳು ಅವನ ಕೆನ್ನೆ ಚಿವುಟಿ, "ಅದು ನಾನು ನನ್ನ ಡಾಕ್ಟರ ಹತ್ರ ಆಡೋ ಮಾತು ಡುಮ್ಮ, ನಿನಗ್ಯಾಕೆ?" ಅನ್ನುತ್ತಿದ್ದಳು. ನನ್ನ ಡಾಕ್ಟರಂತೆ! ಆ ಮಾತು ಅವನ ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು.

ಅಷ್ಟರಲ್ಲಿ ಆ ಡಾಕ್ಟರ ದಿವಾನು ಹಳತಾಯಿತು. ತನ್ನ ಗಂಡನಂಥ ಕೆಲಸಗಾರ ಊರಲ್ಲೇ ಇಲ್ಲ ಎಂದು ದೆಲಿಯಾಳೇ ಹೆಮ್ಮೆಯಿಂದ ಹೇಳಿ ಅದನ್ನು ಅವನ ಬಳಿಗೆ ತರಿಸಿದಳು. ಅವನು ಬಟ್ಟೆ ಕಿತ್ತು ನಡುವಿನ ತಗ್ಗಿನ ಮೇಲೆ ಕೈಯಿಟ್ಟ. ಎಷ್ಟು ಜನ ಮಲಗಿ ಆದ ತಗ್ಗೋ ಏನೋ, ಅವನ ಕಣ್ಣಿಗೆ ಕಂಡದ್ದು ದೆಲಿಯಾ ಒಬ್ಬಳೇ. ಸ್ಪ್ರಿಂಗುಗಳನ್ನೆಲ್ಲ ಒಪ್ಪವಾಗಿ ಕಟ್ಟಿದ. ಬೆನ್ನು ಬರುವ ಕಡೆ ಒಂದರ ಹಗ್ಗವನ್ನು ಮಾತ್ರ ಬೇಕೆಂದೇ ಸಡಿಲ ಬಿಟ್ಟು, ಮೇಲೆ ನಾರನ್ನು ತೆಳ್ಳಗೆ ಹಾಸಿದ. ಚುಚ್ಚಿದರೆ ಮಾತಿನ ಸುಖ ಕೆಡುತ್ತದೆ, ಅವಳು ಬೇಸತ್ತು ಹೋಗುವುದನ್ನೇ ಬಿಡುತ್ತಾಳೆ. ಇಷ್ಟು ಅವನ ಯೋಚನೆ.

ಗುರುವಾರ ಹೋದವಳು ಹೊತ್ತು ಮೀರಿದರೂ ಬರಲಿಲ್ಲ. ನೊರ್ಬೆರ್ತೊ ಬಾಗಿಲಲ್ಲೇ ನಿಂತಿದ್ದ. ಅವಳು ಬಂದಾಗ ಕಣ್ಣು ಊದಿತ್ತು. ಅವನ ತೋಳು ಹಿಡಿಯದೆ ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತಳು.

"ಮಲಗಿದ್ದೆ. ಬೆನ್ನಿಗೇನೋ ಒತ್ತಿತು. ಪಿಸ್ತೂಲೇ ಅನ್ನಿಸ್ತು. ಕಿರುಚ್ಕೊಂಡು ಬಾಗಿಲ ತನಕ ಓಡಿದೆ" ಎಂದಳು. "ಡಾಕ್ಟರು ಹಿಡ್ಕೊಳ್ಳೋಕೆ ಬರಲಿಲ್ಲ. ಪಾದ ನೆಲದ ಮೇಲಿದೆಯಾ ನೋಡ್ಕೋ, ಇದು ಯಾರ ಕೋಣೆ ಹೇಳು ಅಂದ್ರು. ಉಸಿರು ಬರೋ ತನಕ ಕಾದ್ರು. ಆಮೇಲೆ ನಾನೇ ವಾಪಸ್ ಬಂದು ಕೂತು, ಮೊದಲ ಸಲ ಎಲ್ಲಾ ಹೇಳ್ದೆ. ನಿನಗೂ ಹೇಳ್ತೀನಿ, ಕೇಳು."

ಹೇಳಿದಳು. ನೆಲದ ಫಿನಾಯಿಲ್ ವಾಸನೆ, ಆ ಹುಡುಗರ ನಗು, ಬೆನ್ನಿನ ಮೇಲಿನ ತಣ್ಣನೆಯ ಕಬ್ಬಿಣ. "ನಿನ್ನ ಹೆಸರು ಹಿಡಿದು ಕೂಗ್ದೆ. ಒಳಗೆ ನೀನು ರೇಡಿಯೋದಲ್ಲಿ ಫುಟ್‌ಬಾಲ್ ಕೇಳ್ತಿದ್ದೆ. ನಿನಗೆ ಕೇಳಿಸ್ಲಿಲ್ಲ. ಇದನ್ನ ಹ್ಯಾಗೆ ಹೇಳಲಿ ನಿನಗೆ?"

ಎರಡು ವರ್ಷದಿಂದ ಯಾವ ಮಾತಿಗಾಗಿ ಅವನು ಹಂಬಲಿಸಿದ್ದನೋ ಅದು ಬಂದಿತ್ತು.

"ಆ ಸ್ಪ್ರಿಂಗು ನಾನೇ ಸಡಿಲ ಬಿಟ್ಟಿದ್ದು, ದೆಲಿಯಾ."

"ಗೊತ್ತು. ನಿನ್ನ ಕೈ ಗಂಟು ತಪ್ಪೋದಿಲ್ಲ. ಬಸ್ಸಲ್ಲಿ ಕೂತು ದಾರಿಯುದ್ದಕ್ಕೂ ನಿನ್ನ ಶಪಿಸ್ಕೊಂಡೇ ಬಂದೆ."

ಅವನು ಅವಳ ಮಂಡಿಯ ಮೇಲೆ ತಲೆಯಿಟ್ಟು ಗಳಗಳನೆ ಅತ್ತುಬಿಟ್ಟ. ಅಂದಿನಿಂದ ರೇಡಿಯೋ ಹಾಕಿದರೆ ತನಗೂ ಎದೆ ಹೊಡೆದುಕೊಳ್ಳುತ್ತದೆ, ಯಾರಿಗೂ ಹೇಳಿಲ್ಲ ಎಂದ. ಅವಳು ಅವನ ತಲೆ ನೇವರಿಸುತ್ತಾ ಕೂತಳು. ಅವನು ಮೂಗೊರೆಸಿಕೊಂಡು, ಮುಂದಿನ ಗುರುವಾರ ತನ್ನನ್ನೂ ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದ.

ನೇವರಿಸುತ್ತಿದ್ದ ಕೈ ಥಟ್ಟನೆ ನಿಂತಿತು.

"ಅಲ್ಲಿಗೆ ಮಾತ್ರ ಬೇಡ" ಎಂದಳು ದೆಲಿಯಾ. "ಅವರು ನನ್ನೋರು. ನೀನು ಬೇರೆ ಯಾರನ್ನಾದ್ರೂ ನೋಡ್ಕೋ."