ಗುಡ್ಡದ ಅರ್ಧ ಸುತ್ತು

ಚೀಲದ ಬಾಯಿ ಬಿಚ್ಚಿದ ಕೂಡಲೇ ಸುತಳಿಯ ವಾಸನೆ ಬಂತು. ಹೊಸ ಸುತಳಿಯದಲ್ಲ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದು ಧೂಳನ್ನೂ ಊದುಬತ್ತಿಯ ಹೊಗೆಯನ್ನೂ ಎಣ್ಣೆ ಹಚ್ಚಿದ ಕಬ್ಬಿಣದ ಘಾಟನ್ನೂ ಕುಡಿದ ಸುತಳಿಯದು. ಚೀಲವೇನೋ ಬೆಟ್ಟ ಸುತ್ತುವವರು ಬೆನ್ನಿಗೆ ಹಾಕಿಕೊಳ್ಳುವ ನೈಲಾನಿನದು, ಹಸಿರು ಬಣ್ಣದ್ದು. ಅದರ ಎಡಪಟ್ಟಿ ಕಿತ್ತುಹೋದಾಗ ಅಮರೇಶ ದಬ್ಬಣಕ್ಕೆ ಸುತಳಿ ಪೋಣಿಸಿ ತಾನೇ ಹೊಲಿದಿದ್ದ, ಜೋಳದ ಚೀಲದ ಬಾಯಿ ಹೊಲಿದ ಹಾಗೆ. ಆ ಹೊಲಿಗೆಯೇ ಈಗ ನನ್ನ ಮನೆಯೊಳಗೆ ಅಂಗಡಿಯ ವಾಸನೆ ಹರಡಿ ಕೂತಿದೆ.

ಅಮರೇಶನದು ಲಿಂಗಸುಗೂರಿನಲ್ಲಿ ಹಗ್ಗ ಮತ್ತು ಕಬ್ಬಿಣದ ಸಾಮಾನಿನ ಅಂಗಡಿ. ನಾನು ಸಿಂಧನೂರಿನಲ್ಲಿ ಕಾಲುವೆಗಳ ಸರ್ವೆ ಮಾಡಿ ನಿವೃತ್ತನಾದವನು. ಅಳತೆಗೆ ಹಗ್ಗ ಬೇಕಾಗಿ ಅವನ ಅಂಗಡಿಗೆ ಹೋದದ್ದೇ ನಮ್ಮ ಸ್ನೇಹದ ಮೊದಲು. ಇಬ್ಬರೂ ಸೇರಿ ಕೈಲಾಸ ಪರ್ವತವನ್ನು ಒಂದು ಸುತ್ತು ಹಾಕಬೇಕು ಎಂದು ಮೂರು ವರ್ಷ ಯೋಜನೆ ಮಾಡಿದೆವು. ಕುದುರೆ ಬೇಡ, ಹೊರುವವರು ಬೇಡ. ನಮ್ಮ ಗಂಟು ನಮ್ಮ ಬೆನ್ನಿಗೆ. ಪರ್ವತದ ಬುಡದಲ್ಲಿ ಮೂರು ದಿನದ ನಡಿಗೆ. ಅವನು ಹೋದ ಮಳೆಗಾಲದಲ್ಲಿ ತೀರಿಕೊಂಡ. ಈ ಬೇಸಿಗೆಯ ಯಾತ್ರೆಯ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಹೋಗುತ್ತೇನೋ ಇಲ್ಲವೋ, ಸೋಮವಾರದೊಳಗೆ ತಂಡದವರಿಗೆ ತಿಳಿಸಬೇಕು. ಇಷ್ಟು ಹೇಳಿದರೆ ಮಿಕ್ಕದ್ದನ್ನು ನೀವೇ ಊಹಿಸಬಲ್ಲಿರಿ ಎಂದುಕೊಂಡಿದ್ದೆ. ಆದರೆ ಊಹಿಸಬೇಡಿ. ನಾನೂ ಊಹಿಸಿಯೇ ಕೆಟ್ಟವನು.

ಈ ಯೋಜನೆ ಮೊದಲು ಯಾರ ಬಾಯಿಂದ ಬಂತು ಎನ್ನುವುದೇ ತೀರ್ಮಾನವಾಗಿಲ್ಲ. ನನ್ನ ನೆನಪಿನಲ್ಲಿ ಅದು ನನ್ನ ಮಾತು. ಅವನ ನೆನಪಿನಲ್ಲಿ ಅವನದು. ಅವನು ಇದ್ದಾಗ ಇದಕ್ಕಾಗಿ ಜಗಳವಾಡಿದ್ದೇವೆ. ಈಗ ಅವನಿಲ್ಲ, ಆದ್ದರಿಂದ ನಾನು ಗೆದ್ದಿದ್ದೇನೆ. ನೆನಪು ಬರೆಯುವವರೆಲ್ಲ ಹೀಗೇ ಗೆಲ್ಲುವುದು. ಒಂದಂತೂ ನಿಜ. ಅವನಿಗೆ ಅದು ಶಿವನ ಮನೆ. ನಮ್ಮ ಮನೆಯ ಗೋಡೆಯ ಮೇಲೆ ಅಪ್ಪನ ಕಾಲದಿಂದ ಬುದ್ಧನ ಪಟವಿದೆ. ಆ ಪರ್ವತವನ್ನು ಬೌದ್ಧರೂ ಸುತ್ತುತ್ತಾರೆಂದು ನನಗೆ ಗೊತ್ತಿತ್ತು. ‘ಒಂದ ಗುಡ್ಡಕ್ಕ ಇಬ್ಬರು ವಾರಸುದಾರರು ಆದ್ವಲ್ಲೋ’ ಎಂದು ಅವನು ನಗುತ್ತಿದ್ದ.

ಯೋಜನೆಯೆಂದರೆ ನನಗೆ ನಕ್ಷೆ. ಒಂದು ಉದ್ದನೆಯ ಗ್ರಾಫ್ ಹಾಳೆಯ ಮೇಲೆ ಮೂರು ದಿನದ ದಾರಿಯ ಏರು ಇಳಿವುಗಳನ್ನೆಲ್ಲ ಬರೆದು, ಲಿಂಗಸುಗೂರಿಗೆ ಒಯ್ದು, ಅವನ ಗಲ್ಲಾಪೆಟ್ಟಿಗೆಯ ಮೇಲೆ ಹರಡಿದೆ. ಅಮರೇಶ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

‘ಸರ್ವೆ ಸಾಹೇಬ್ರ, ಇದರಾಗ ನೀರು ಯಾವ ಕಡಿಂದ ಬಿಡಬೇಕು?’

ನಾನು ಬಗ್ಗಿ ನೋಡಿದೆ. ಮೂವತ್ತು ವರ್ಷದ ಅಭ್ಯಾಸ. ಕಾಲುವೆಯ ನಕ್ಷೆಯಲ್ಲಿ ಹಾಕುವಂತೆ ಉದ್ದಕ್ಕೂ ನೀರು ಹರಿಯುವ ದಿಕ್ಕಿನ ಬಾಣ ಹಾಕಿಬಿಟ್ಟಿದ್ದೆ. ಕೈಲಾಸದ ಕಣಿವೆಯ ಬಾಯಿಗೆ ‘ತೂಬು’ ಎಂದೂ ಬರೆದಿದ್ದೆ.

‘ಶಿವನ ಮನಿಗೆ ತೂಬು ಇಟ್ಟೀಯಲ್ಲಲೇ! ನಿಮ್ಮ ಗೊರೇಬಾಳದ ಭತ್ತದ ಗದ್ದಿಗೆ ಗಂಗಿನ್ನ ಬಿಡಾಂವ ಇದ್ದೀಯೇನು?’ ಎಂದು ಹಗ್ಗ ಕೊಳ್ಳಲು ಬಂದ ಗಿರಾಕಿಗಳನ್ನೆಲ್ಲ ಕರೆದು ತೋರಿಸಿದ. ಹಾಳೆಯನ್ನು ಮಾತ್ರ ವಾಪಸ್ ಕೊಡಲಿಲ್ಲ. ಮಡಿಸಿ ತನ್ನ ಚೀಲದಲ್ಲಿ ಇಟ್ಟುಕೊಂಡ.

ತಯಾರಿಗೆ ಮಸ್ಕಿಯ ಗುಡ್ಡವನ್ನು ಆರಿಸಿದೆವು. ಅದು ಇಬ್ಬರ ಊರಿಗೂ ನಡುವೆ ಬರುತ್ತದೆ. ಅವನು ಆ ಕಡೆಯ ಬಸ್ಸಿನಲ್ಲಿ, ನಾನು ಈ ಕಡೆಯ ಬಸ್ಸಿನಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಗುಡ್ಡದ ಬುಡದ ಚಹಾದಂಗಡಿಯ ಮುಂದೆ ಕೂಡುವುದು, ಬೆನ್ನಿಗೆ ಹತ್ತು ಕಿಲೋ ಭಾರ ಹಾಕಿಕೊಂಡು ಗುಡ್ಡವನ್ನು ಒಂದು ಸುತ್ತು ಹಾಕುವುದು. ಭಾರಕ್ಕೆ ನಾನು ಅಕ್ಕಿ ತಂದೆ. ಅವನು ಪಾಮನಕಲ್ಲೂರಿನ ಬಿಳಿಜೋಳ ತಂದ. ‘ನೀವು ಕಾಲುವಿ ಮಂದಿ ಅಕ್ಕಿ ಹೊರ್ರಿ. ನಮ್ಮ ಬೆನ್ನಿಗೆ ಜ್ವಾಳಾನ ಸೈ’ ಎಂದ. ನಿವೃತ್ತಿಯ ವಯಸ್ಸಿನ ಇಬ್ಬರು ಹೊಸ ಬೂಟು ತೊಟ್ಟು ಕಾಳಿನ ಗಂಟು ಹೊತ್ತು ನಿಂತದ್ದು ಕಂಡು ಚಹಾದಂಗಡಿಯ ಹುಸೇನಪ್ಪ ಮೊದಲ ದಿನವೇ ಕೇಳಿದ: ‘ಗಿರಣಿ ಆ ಕಡಿಗೆ ಅದ ರೀ. ಗುಡ್ಡದ ಹಿಂದ ಯಾವ ಗಿರಣಿ ಹುಡುಕಾಕ ಹೊಂಟೀರಿ?’

ಗುಡ್ಡದ ಉತ್ತರಕ್ಕೆ, ಮುಕ್ಕಾಲು ದಾರಿಯಲ್ಲಿ, ಬಂಡೆಯ ಸೀಳಿನಿಂದ ನೀರು ಒಸರಿ ದಾರಿಗೆ ಅಡ್ಡ ಹರಿಯುತ್ತದೆ. ಅಗಲವೇನಿಲ್ಲ, ಒಂದು ಹೆಜ್ಜೆ. ಮೊದಲ ಭಾನುವಾರವೇ ಅಮರೇಶ ಅಲ್ಲಿ ನಿಂತುಬಿಟ್ಟ.

‘ಇಲ್ಲಿಗೆ ಸಾಕು. ವಾಪಸ್ ಹೋಗೂಣು.’

‘ಯಾಕೋ?’

‘ಗೋಮುಖ ಇದು. ದಾಟಬಾರದು.’

ನಿಮಗೆ ಗೊತ್ತಿರುತ್ತದೆ. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಉತ್ತರದ ಗೋಮುಖದಿಂದ ಹೊರಗೆ ಹರಿಯುತ್ತದೆ. ಪ್ರದಕ್ಷಿಣೆ ಹಾಕುವವರು ಅದನ್ನು ದಾಟುವುದಿಲ್ಲ. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ. ಸುತ್ತು ಪೂರ್ತಿಯಾಗದಿರುವುದೇ ಅಲ್ಲಿ ಪೂರ್ತಿ. ಮಸ್ಕಿಯ ಗುಡ್ಡವನ್ನೇ ಲಿಂಗವೆಂದು ಬಗೆದರೆ ಆ ಒಸರು ಗೋಮುಖವಾಗುತ್ತದೆ, ಸರಿ. ಆದರೆ ನಾನು ಸ್ತೂಪವನ್ನು ಪೂರ್ತಿ ಸುತ್ತುವ ಮನೆಯವನು, ಮೇಲಾಗಿ ಸರ್ವೆಯವನು. ಇದು ಮಳೆಯ ನೀರು, ಬಂಡೆಯ ಬಿರುಕಿನಲ್ಲಿ ಇಂಗಿ ಇಲ್ಲಿ ಹೊರಬರುತ್ತದೆ, ಬೇಸಿಗೆಯಲ್ಲಿ ಒಣಗುತ್ತದೆ ಎಂದು ಪಾಠ ಹೇಳಿದೆ. ಅವನು ಒಂದು ಕಲ್ಲಿನ ಮೇಲೆ ಕೂತು ಪೂರ್ತಿ ಕೇಳಿದ. ಆಮೇಲೆ ಎದ್ದು, ಬಂದ ದಾರಿ ಹಿಡಿದ.

ಬೇಸಿಗೆ ಬಂತು. ನೀರು ಒಣಗಿತು. ಅಮರೇಶ ಆಗಲೂ ಅಲ್ಲೇ ನಿಂತ.

‘ಈಗ ಎಲ್ಲಿ ಅದನೋ ನಿನ್ನ ಗೋಮುಖ?’

‘ನೀರು ಒಣಗಿದ್ರ ನೀರಿನ ಹಾದಿ ಒಣಗ್ತದೇನು? ಸರ್ವೆ ಮಾಡಿದಾಂವ ನೀ, ನಾ ಹೇಳಬೇಕೇನು ನಿನಗ?’

ಹಳ್ಳ ಬತ್ತಿದರೂ ನಕ್ಷೆಯಲ್ಲಿ ಅದರ ಗೆರೆ ಅಳಿಸುವಂತಿಲ್ಲ ಎನ್ನುವುದು ನಮ್ಮ ಇಲಾಖೆಯ ಮೊದಲ ಪಾಠ.

ಹೀಗೆ ಎರಡು ವರ್ಷ ನಾವು ಗುಡ್ಡವನ್ನು ಒಮ್ಮೆಯೂ ಪೂರ್ತಿ ಸುತ್ತಲಿಲ್ಲ. ಒಸರಿನ ಆಚೆ ದಾರಿ ಕಲ್ಲುಗುಂಡುಗಳ ನಡುವೆ ಒಂದೇ ಸಮನೆ ಏರುತ್ತದೆ. ಈಚೆಯದೆಲ್ಲ ಸಪಾಟು. ಇದು ನನ್ನ ಕಣ್ಣೆದುರಿಗೇ ಇತ್ತು. ಭೂಮಿಯ ಏರಿಳಿತ ಓದುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ಈ ಏರನ್ನು ಓದಲಿಲ್ಲ.

ಈಗ ಒಂದು ಭಾನುವಾರದ ಬಗ್ಗೆ ಹೇಳಬೇಕು. ಚಳಿಗಾಲದ್ದು. ಇದನ್ನು ಹಲವು ಬಗೆಯಾಗಿ ನೆನೆದಿದ್ದೇನೆ. ಒಂದರಲ್ಲಿ ನಾನು ತಮಾಷೆಗೆ ಅಂದೆ. ಇನ್ನೊಂದರಲ್ಲಿ ಸಿಟ್ಟಿನಿಂದ ಅಂದೆ. ಮಾತು ಮಾತ್ರ ಅದೇ: ‘ಅಲ್ಲಿ ಕೈಲಾಸಕ್ಕ ಹೋಗಿನೂ ಅರ್ಧಕ್ಕ ತಿರುಗಾಂವ ಇದ್ರ, ಈಗ ಹೇಳಿಬಿಡು. ನನ್ನ ಟೈಮ್ ಯಾಕ ಹಾಳು ಮಾಡ್ತಿ? ಇವತ್ತು ದಾಟು.’

ಅವನು ನನ್ನ ಮುಖ ನೋಡಿದ. ದಾಟಿದ.

ಆಚೆ ಹತ್ತು ಹನ್ನೆರಡು ಹೆಜ್ಜೆ ಏರಿದ್ದಾನು. ಒಂದು ಕಲ್ಲುಗುಂಡಿಗೆ ಕೈ ಊರಿ ನಿಂತ, ಆಮೇಲೆ ಕುಸಿದು ಕೂತ. ಆ ಚಳಿಯಲ್ಲೂ ಹಣೆ ಬೆವೆತಿತ್ತು.

‘ಏನಾತೋ?’

‘ಬೂಟು ಕಚ್ಚಾಕತ್ತದ.’

ನಾನು ಕೆಳಗೆ ಕೂತು ಅವನ ಬೂಟು ಬಿಚ್ಚಿದೆ, ಕಾಲುಚೀಲ ಎಳೆದೆ. ಹಿಮ್ಮಡಿ, ಬೆರಳು ನೋಡಿದೆ. ಎಲ್ಲಿಯೂ ಕೆಂಪಾಗಿರಲಿಲ್ಲ. ಹೀಗೆ ಬರೆದೆನಲ್ಲ, ಇಲ್ಲೇ ನನಗೆ ಅನುಮಾನ. ಕಾಲಲ್ಲಿ ಗುರುತಿಲ್ಲ ಎನ್ನುವುದನ್ನು ಅವತ್ತೇ ನೋಡಿದೆನೋ, ಅಥವಾ ಅವನು ಸತ್ತ ಮೇಲೆ ಆ ಪಾದವನ್ನು ಮತ್ತೆ ಮತ್ತೆ ನೆನೆದು ಗುರುತನ್ನು ಅಳಿಸಿದೆನೋ? ಅವತ್ತೇ ನೋಡಿದ್ದರೆ ನಾನು ಕಂಡೂ ಸುಮ್ಮನಿದ್ದವನು. ಆಮೇಲೆ ಅಳಿಸಿದ್ದರೆ ಬರೀ ದಡ್ಡ. ಯಾವುದಾದರೂ ಒಂದನ್ನು ಆರಿಸಿಕೊಂಡರೆ ನಿದ್ದೆಯಾದರೂ ಬಂದೀತು. ಆರಿಸಲು ಆಗುತ್ತಿಲ್ಲ.

ಅವತ್ತಿನ ನಂತರ ಅವನು ಬರುವುದು ಕಡಿಮೆಯಾಯಿತು. ಭಾನುವಾರವೂ ಅಂಗಡಿಗೆ ಗಿರಾಕಿ ಬರ್ತಾರ ಎಂದ. ಮಳೆಗಾಲದ ಒಂದು ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ, ಹೋಗಿಬಿಟ್ಟ.

ಹೋದ ವಾರ ಅವನ ಹೆಂಡತಿ ಗಂಗಮ್ಮ ಫೋನ್ ಮಾಡಿದ್ದರು. ‘ಅಣ್ಣಾರ, ಅವರ ಚೀಲ ಇಲ್ಲೇ ಅದ. ಕಣ್ಣಿಗೆ ಬೀಳತದ. ಒಯ್ದುಬಿಡ್ರಿ.’ ಹೋದೆ. ಚಹಾ ಕೊಟ್ಟು, ಬಾಗಿಲ ಪಕ್ಕ ಕೂತು, ಯಾತ್ರೆ ಏನಾಯಿತು ಎಂದು ಕೇಳಿದರು. ಹೆಸರು ಬಂದಿದೆ, ಹೋಗಲು ಮನಸ್ಸಿಲ್ಲ ಎಂದೆ.

ಮಾತಿಗೆ ಮಾತು ಸೇರಿ ಗೋಮುಖದ ಸುದ್ದಿ ಬಂತು. ಗಂಗಮ್ಮ ಲೋಟ ಕೆಳಗಿಟ್ಟರು.

‘ಅವರಾ? ಅವರು ಎಲ್ಲಿ ಗೋಮುಖ ನೋಡ್ತಿದ್ರು ರೀ! ಗುಡಿಗೆ ಹೋದ್ರ ದಡದಡ ಪೂರಾ ಸುತ್ತು ಹಾಕಿಬಿಡ್ತಿದ್ರು. ನಾನ ಹಿಂದ ನಿಂತು ಬೈತಿದ್ದೆ, ದಾಟಬ್ಯಾಡ್ರಿ ಅಂತ. ನಂಗ ಅಂಗಡಿ ತೆಗಿಯೂ ಟೈಮಾಗ್ಯಾದ ಅಂತಿದ್ರು.’

ಮಸ್ಕಿಯ ಒಸರನ್ನು ಮಾತ್ರ ದಾಟುತ್ತಿರಲಿಲ್ಲ, ಆಚೆ ಏರು ಎಂದೆ.

‘ಎರಡು ವರ್ಷದಿಂದ ಎದಿಗೆ ಗುಳಗಿ ತಗೋತಿದ್ರು. ಏರು ಹತ್ತಬ್ಯಾಡ ಅಂತ ಡಾಕ್ಟರು ಹೇಳಿದ್ರು. ನಿಮಗ ಹೇಳಿದ್ದಿಲ್ಲೇನು?’

‘ಇಲ್ಲ ರೀ ಅಕ್ಕಾರ.’

‘ಹೇಳಿದ್ರ ನೀವು ಯಾತ್ರಾ ಬಿಡ್ತಿದ್ರಿ’ ಎಂದರು. ಅದು ಆರೋಪವೋ ಸಮಾಧಾನವೋ ತಿಳಿಯಲಿಲ್ಲ. ಅವರ ಮುಖದಲ್ಲಿ ಎರಡಕ್ಕೂ ಜಾಗವಿತ್ತು.

ಚೀಲವನ್ನು ನಾಲ್ಕು ದಿನ ಮುಟ್ಟಲಿಲ್ಲ. ಮೊನ್ನೆ ಬಿಚ್ಚಿದಾಗ ಸುತಳಿಯ ವಾಸನೆ, ಅದರ ಹಿಂದೆ ಜೋಳ. ಹುಳ ಬಿದ್ದು ಅರ್ಧ ಹಿಟ್ಟಾಗಿತ್ತು. ಒಳಜೇಬಿನಲ್ಲಿ ನನ್ನ ಗ್ರಾಫ್ ಹಾಳೆ. ತೂಬು, ಬಾಣ ಎಲ್ಲ ಹಾಗೇ ಇದ್ದವು. ಮೊದಲ ದಿನದ ತಂಗುದಾಣದ ಮೇಲೆ, ಗೆರೆ ಒಮ್ಮೆಲೇ ಘಟ್ಟದ ಕಡೆಗೆ ಏಳುವ ಜಾಗದಲ್ಲಿ, ಪೆನ್ಸಿಲ್ಲಿನ ಒಂದು ಅಡ್ಡಗೀಟು. ಅದರ ಪಕ್ಕ ಅಂಗಡಿಯ ಚೀಟಿಯಲ್ಲಿ ಬರೆಯುವಂಥ ಅವನ ದಪ್ಪ ಅಕ್ಷರ:

‘ಗೋಮುಖ. ನಾ ವಾಪಸ್. ಅಂವ ಮುಂದ.’

ಇದನ್ನು ಯಾವಾಗ ಬರೆದನೋ ಗೊತ್ತಿಲ್ಲ. ನಾನು ಬಲವಂತ ಮಾಡಿದ್ದಕ್ಕೆ ಮುಂಚೆಯೋ, ಆಮೇಲೋ? ಮುಂಚೆಯಾಗಿದ್ದರೆ, ಮಸ್ಕಿಯಲ್ಲಿ ಎರಡು ವರ್ಷ ಅವನು ತಪ್ಪಿಸಿಕೊಳ್ಳುತ್ತಿರಲಿಲ್ಲ, ಹಿಂತಿರುಗುವುದನ್ನು ಅಭ್ಯಾಸ ಮಾಡುತ್ತಿದ್ದ. ನನಗೆ ಒಬ್ಬನೇ ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಸುತ್ತಿದ್ದ. ನಾನು ಮಾತ್ರ ಪ್ರತಿ ಸಲ ಗೊಣಗುತ್ತ ಅವನ ಜೊತೆಗೇ ತಿರುಗಿ ಬಂದು ಅವನ ಲೆಕ್ಕ ಕೆಡಿಸುತ್ತಿದ್ದೆ. ಹೀಗೆ ಓದಿದರೆ ಎಲ್ಲ ಚೆನ್ನಾಗಿ ಕೂಡುತ್ತದೆ. ಚೆನ್ನಾಗಿ ಕೂಡುವುದರಿಂದಲೇ ನನಗೆ ನಂಬಿಕೆಯಿಲ್ಲ. ನನ್ನ ತಪ್ಪು ತೊಳೆಯಲು ಸತ್ತವನ ಮೂರು ಮಾತನ್ನು ಬಳಸಿಕೊಳ್ಳುತ್ತಿದ್ದೇನೆಯೇ? ಇರಬಹುದು. ಆದರೂ ಗೀಟು ಅಲ್ಲಿದೆ. ನೀರಿಲ್ಲದಿದ್ದರೂ ಗೆರೆ ಅಳಿಸುವಂತಿಲ್ಲ.

ಇಷ್ಟು ಬರೆದಿಟ್ಟು ಈ ಬೆಳಿಗ್ಗೆ ಮಸ್ಕಿಗೆ ಹೋದೆ. ಭಾನುವಾರ. ಹುಳ ಬಿದ್ದ ಜೋಳವನ್ನು ಹಕ್ಕಿಗಳಿಗೆ ಸುರಿದು, ಹೊಸ ಜೋಳ ತುಂಬಿ, ಅವನ ಹಸಿರು ಚೀಲವನ್ನೇ ಹಾಕಿಕೊಂಡಿದ್ದೆ. ಸುತಳಿಯ ಹೊಲಿಗೆ ಎಡಭುಜಕ್ಕೆ ಒರಟಾಗಿ ಒತ್ತುತ್ತಿತ್ತು. ಚಹಾದಂಗಡಿಗೆ ಹುಸೇನಪ್ಪ ಇನ್ನೂ ಬಂದಿರಲಿಲ್ಲ. ಸಪಾಟು ದಾರಿಯಲ್ಲಿ ಒಸರಿನವರೆಗೆ ನಡೆದೆ. ಒಣಗಿತ್ತು. ಅವನು ಕೂರುತ್ತಿದ್ದ ಕಲ್ಲಿನ ಮೇಲೆ ಒಂದು ಗಳಿಗೆ ಕೂರಬೇಕೆಂದು ಬಂದವನು. ನೋಡಿದರೆ ಅಲ್ಲಿ ಒಂದೇ ಎತ್ತರದ ಮೂರು ಕಲ್ಲು. ಯಾವುದು ಅವನದು ಎಂದು ಹೇಳಲಾಗಲಿಲ್ಲ. ಎರಡು ವರ್ಷ ಪ್ರತಿ ಭಾನುವಾರ ನೋಡಿದ್ದೇನೆ, ಹೇಳಲಾಗಲಿಲ್ಲ. ಕೂರಲಿಲ್ಲ.

ದಾಟಿದೆ.

ಏರು ನಾನು ಅಂದುಕೊಂಡದ್ದಕ್ಕಿಂತ ಕಡಿದಾಗಿತ್ತು. ಅವನು ಕೈ ಊರಿದ ಕಲ್ಲುಗುಂಡಿನ ಹತ್ತಿರ ನನಗೂ ಉಸಿರು ಹತ್ತಿತು. ನಿಂತೆ, ಮತ್ತೆ ಹತ್ತಿದೆ. ಏರಿನ ನೆತ್ತಿ ದಾಟಿ ಕೆಳಗೆ ನೋಡಿದರೆ ಅಲ್ಲೇ, ಕಾಲಬುಡದಲ್ಲೇ, ಚಹಾದಂಗಡಿಯ ತಗಡು. ಇಳಿಯಲು ಕಾಲು ಗಂಟೆ ಹಿಡಿಯಲಿಲ್ಲ. ಇಷ್ಟೇ ಉಳಿದಿತ್ತು. ಎರಡು ವರ್ಷ, ಈ ಒಂದು ಏರು ತಪ್ಪಿಸಲು, ಬೆನ್ನ ಮೇಲೆ ಹತ್ತು ಕಿಲೋ ಜೋಳ ಹೊತ್ತು, ಅವನು ಮುಕ್ಕಾಲು ಗುಡ್ಡವನ್ನು ಮತ್ತೆ ನಡೆದಿದ್ದ. ಒಮ್ಮೆಯೂ ಎದೆ ಎಂಬ ಮಾತು ಎತ್ತಿರಲಿಲ್ಲ.

ಇಳಿಜಾರಿನಲ್ಲಿ ನಿಂತು ತಂಡದವರಿಗೆ ಫೋನಿನಲ್ಲಿ ಬರೆದೆ: ಬರುತ್ತೇನೆ, ಒಬ್ಬನೇ.

ಹುಸೇನಪ್ಪ ಒಲೆ ಹಚ್ಚಿದ್ದ. ನಾನು ಹೊಸ ದಿಕ್ಕಿನಿಂದ ಇಳಿದುಬಂದದ್ದು ಕಂಡು ಸೌಟು ಹಿಡಿದೇ ನಿಂತ. ನಾನು ಬಂದು ಬಹಳ ತಿಂಗಳಾಗಿತ್ತು, ಅಮರೇಶ ತೀರಿಕೊಂಡ ಸುದ್ದಿ ಅವನಿಗೆ ಮುಟ್ಟಿರಲಿಲ್ಲ.

‘ಇದೇನ್ರಿ, ಇವತ್ತು ಈ ಕಡಿಂದ ಬಂದ್ರಿ? ಒಬ್ಬರ? ಲಿಂಗಸುಗೂರು ಸಾವಕಾರ್ರು ಎಲ್ಲಿ?’

ಹೇಳಬೇಕೆಂದು ಬಾಯಿ ತೆರೆದೆ. ಬಂದ ಮಾತು ಬೇರೆ.

‘ಆ ಕಡಿಂದ ವಾಪಸ್ ಬರಾಕತ್ತಾನ.’

‘ಹೌದೇನ್ರಿ’ ಎಂದು ಹುಸೇನಪ್ಪ ಸಪಾಟು ದಾರಿಯ ಕಡೆ ತಿರುಗಿ ನೋಡಿದ. ಚೀಲ ಇಳಿಸದೆ ನಾನೂ ನೋಡುತ್ತ ನಿಂತೆ.